ರೋಶ್ ಹಾರ್ಬರ್: ಸುಣ್ಣದ ಕಂಪನಿಯ ಊರನ್ನು ಸುತ್ತುವುದು ಹೇಗೆ?

ಬೇಸಿಗೆ ಶುರುವಾಯಿತೆಂದರೆ ಸಿಯಾಟಲ್ ಸುತ್ತಮುತ್ತಲಿನ ಕನ್ನಡಿಗರು ತಪ್ಪದೆ ಕೇಳುವ ಪ್ರಶ್ನೆ ಇದು: "ಊರಿನಿಂದ ಅಪ್ಪ, ಅಮ್ಮ ಬಂದಿದ್ದಾರೆ. ಸಾನ್ ಹುವಾನ್ ದ್ವೀಪಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇವೆ. ರೋಶ್ ಹಾರ್ಬರ್ ನೋಡಲು ಗೈಡ್ ಬೇಕೇ, ನಾವೇ ಸುತ್ತಿಕೊಂಡು ಬಂದರೆ ಸಾಕೇ? ಅರ್ಧ ದಿನದಲ್ಲಿ ಮುಗಿಯುತ್ತದೆಯೇ?"

ನೀವೇ ಸುತ್ತಬಹುದು. ನಡಿಗೆಗೆ ಎರಡೂವರೆಯಿಂದ ಮೂರು ಗಂಟೆ ಬೇಕು. ಆದರೆ ಸಿಯಾಟಲ್‌ನಿಂದ ಹೋಗಿ ಬರುವ ಲೆಕ್ಕ ಸೇರಿಸಿದರೆ ಇಡೀ ದಿನ ಹಿಡಿಯುತ್ತದೆ. ಗೈಡ್ ಸಿಕ್ಕರೆ ಒಳ್ಳೆಯದೇ. ಆದರೂ ಮೊದಲು ನೀವೇ ಒಂದು ಸುತ್ತು ಹಾಕಿ, ಆಮೇಲೆ ಗೈಡ್ ಜೊತೆ ನಡೆಯಿರಿ ಎನ್ನುವುದು ನನ್ನ ಸಲಹೆ. ಕಾರಣ ಮುಂದೆ ಗೊತ್ತಾಗುತ್ತದೆ.

ಹೊರಡುವ ಮುನ್ನ ಇಷ್ಟು ತಿಳಿದಿರಲಿ

ರೋಶ್ ಹಾರ್ಬರ್ ಇರುವುದು ವಾಷಿಂಗ್ಟನ್ ರಾಜ್ಯದ ಸಾನ್ ಹುವಾನ್ ದ್ವೀಪದ ವಾಯವ್ಯ ಮೂಲೆಯಲ್ಲಿ. ಎದುರಿನ ಹ್ಯಾರೋ ಜಲಸಂಧಿಯ ಆಚೆಗೆ ಕೆನಡಾ. ಇಂದು ಇದು ವಿಹಾರದೋಣಿಗಳು ತಂಗುವ ರೆಸಾರ್ಟ್. ಆದರೆ 1886ರಿಂದ 1956ರವರೆಗೆ ಇದು ಅಪ್ಪಟ ಕಂಪನಿ ಊರಾಗಿತ್ತು. ಕಂಪನಿ ಊರು ಎಂದರೆ ನೆಲ, ಮನೆ, ಅಂಗಡಿ, ಶಾಲೆ, ಪ್ರಾರ್ಥನಾ ಮಂದಿರ, ಹಡಗುಕಟ್ಟೆ ಎಲ್ಲವೂ ಒಂದೇ ಕಂಪನಿಯ ಸ್ವತ್ತಾಗಿರುವ ಊರು. ಕೆಜಿಎಫ್‌ನ ಸಾಹೇಬರ ಬಂಗಲೆಗಳನ್ನೂ ಗಣಿ ಕಾರ್ಮಿಕರ ಲೈನ್ ಮನೆಗಳನ್ನೂ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಜಾನ್ ಟೇಲರ್ ಕಂಪನಿ ಚಿನ್ನ ತೆಗೆಯತೊಡಗಿದ ಕಾಲದಲ್ಲೇ ಇಲ್ಲಿ ಜಾನ್ ಮೆಕ್‌ಮಿಲಿನ್ ಎಂಬ ವಕೀಲ ಸುಣ್ಣ ಸುಡತೊಡಗಿದ.

ದ್ವೀಪದ ಈ ತುದಿಯಲ್ಲಿ ಸುಣ್ಣದ ಕಲ್ಲು ಹೇರಳವಾಗಿತ್ತು. 1881ರಲ್ಲಿ ಸ್ಕರ್ ಸಹೋದರರು ಈ ಜಾಗ ಕೊಂಡು ಸಣ್ಣ ಪ್ರಮಾಣದಲ್ಲಿ ಸುಣ್ಣ ಸುಡುತ್ತಿದ್ದರು. 1886ರಲ್ಲಿ ಅದು ಮೆಕ್‌ಮಿಲಿನ್ ಕೈಗೆ ಬಂತು. ಅವನ 'ಟಕೋಮಾ ಅಂಡ್ ರೋಶ್ ಹಾರ್ಬರ್ ಲೈಮ್ ಕಂಪನಿ' ಮಿಸಿಸಿಪಿ ನದಿಯ ಪಶ್ಚಿಮಕ್ಕೆ ಅತಿ ದೊಡ್ಡ ಸುಣ್ಣದ ಕಾರ್ಖಾನೆ ಎಂದು ಹೆಸರು ಮಾಡಿತು. ಮೆಕ್‌ಮಿಲಿನ್ 1936ರಲ್ಲಿ ತೀರಿಕೊಂಡ. 1956ರಲ್ಲಿ ಅವನ ಮಗ ಪಾಲ್ ಊರನ್ನು ಊರಾಗಿಯೇ ಸಿಯಾಟಲ್‌ನ ಟಾರ್ಟ್ ಕುಟುಂಬಕ್ಕೆ ಮಾರಿದ. ಅವರು ಇದನ್ನು ರೆಸಾರ್ಟ್ ಮಾಡಿದರು. 1977ರಲ್ಲಿ ಈ ಪ್ರದೇಶ ಅಮೆರಿಕದ ರಾಷ್ಟ್ರೀಯ ಚಾರಿತ್ರಿಕ ಸ್ಥಳಗಳ ಪಟ್ಟಿಗೆ ಸೇರಿತು.

ಬಂದವರಲ್ಲಿ ಹೆಚ್ಚಿನವರು ಹೋಟೆಲಿನ ಮುಂದೆ ಫೋಟೊ ತೆಗೆಸಿಕೊಂಡು, ಗುಲಾಬಿ ತೋಟ ನೋಡಿ, ಐಸ್‌ಕ್ರೀಂ ತಿಂದು ಹೊರಡುತ್ತಾರೆ. ಅಂದರೆ ಮಾಲೀಕ ತೋರಿಸಬೇಕೆಂದಿದ್ದನ್ನು ಮಾತ್ರ ನೋಡಿ ಹೊರಡುತ್ತಾರೆ. ಕೆಳಗಿನ ಹಾದಿಯನ್ನು ಕಲ್ಲು ಸುಣ್ಣವಾದ ಕ್ರಮದಲ್ಲಿ ಹಾಕಿದ್ದೇನೆ. ದುಡಿದವರು ಎಲ್ಲಿದ್ದರು ಎಂಬುದು ಹಾಗೆ ನಡೆದರೆ ಮಾತ್ರ ಕಾಣುತ್ತದೆ.

ಹಂತ 1: ಫೆರಿ

ಇಡೀ ಪ್ರವಾಸ ನಿಂತಿರುವುದು ಇದರ ಮೇಲೆ, ಎಡವುವವರೂ ಇಲ್ಲೇ ಹೆಚ್ಚು. ಸಿಯಾಟಲ್‌ನಿಂದ ಅನಕಾರ್ಟಿಸ್‌ಗೆ ಸುಮಾರು 130 ಕಿಲೋಮೀಟರ್. ಅಲ್ಲಿಂದ ರಾಜ್ಯ ಸರ್ಕಾರದ ಫೆರಿಯಲ್ಲಿ ಫ್ರೈಡೇ ಹಾರ್ಬರ್‌ಗೆ ಒಂದು ಗಂಟೆಗಿಂತ ತುಸು ಹೆಚ್ಚು. ಫ್ರೈಡೇ ಹಾರ್ಬರ್‌ನಿಂದ ರೋಶ್ ಹಾರ್ಬರ್‌ಗೆ ರಸ್ತೆಯಲ್ಲಿ 16 ಕಿಲೋಮೀಟರ್.

ಕಾರು ಒಯ್ಯುವುದಾದರೆ ಮುಂಗಡ ಕಾಯ್ದಿರಿಸಲೇಬೇಕು. ಜಾಗವನ್ನು ಒಟ್ಟಿಗೇ ಬಿಡುವುದಿಲ್ಲ, ಮೂರು ಕಂತಿನಲ್ಲಿ ಬಿಡುತ್ತಾರೆ. ಒಂದು ಕಂತು ಆ ಋತುವಿನ ವೇಳಾಪಟ್ಟಿ ಶುರುವಾಗುವ ಎರಡು ತಿಂಗಳ ಮೊದಲು, ಇನ್ನೊಂದು ಪ್ರಯಾಣಕ್ಕೆ ಎರಡು ವಾರ ಇರುವಾಗ, ಮೂರನೆಯದು ಎರಡು ದಿನ ಇರುವಾಗ. "ಪೂರ್ತಿ ತುಂಬಿದೆ" ಎಂದು ಪರದೆಯಲ್ಲಿ ಕಂಡ ಮಾತ್ರಕ್ಕೆ ಕೈಬಿಡಬೇಡಿ. ಮುಂದಿನ ಕಂತಿನ ದಿನ ಬೆಳಗ್ಗೆ 7 ಗಂಟೆಗೆ ಫೋನ್ ಹಿಡಿದು ಕೂತರೆ ಸಿಗುವ ಸಂಭವ ಚೆನ್ನಾಗಿಯೇ ಇರುತ್ತದೆ. ಕಾರಿಲ್ಲದೆ ನಡೆದು ಹತ್ತುವವರಿಗೆ ಕಾಯ್ದಿರಿಸುವ ಗೊಡವೆಯಿಲ್ಲ.

ಇಲ್ಲಿ ಆಗುವ ತಪ್ಪುಗಳು:

- ಟಿಕೆಟ್ ಹಣ ತೆಗೆದುಕೊಳ್ಳುವುದು ದ್ವೀಪದ ಕಡೆಗೆ ಹೋಗುವಾಗ ಮಾತ್ರ. ಬರುವಾಗ ಹಣವಿಲ್ಲ ಎಂದು ಕೇಳಿದ ಕೆಲವರು, ಬರುವಾಗ ಕಾಯ್ದಿರಿಸುವುದೂ ಬೇಡ ಎಂದುಕೊಂಡುಬಿಡುತ್ತಾರೆ. ಭಾನುವಾರ ಸಂಜೆ ಫ್ರೈಡೇ ಹಾರ್ಬರ್‌ನಲ್ಲಿ ಸ್ಟ್ಯಾಂಡ್‌ಬೈ ಸಾಲು, ಎಂದರೆ ಕಾಯ್ದಿರಿಸದವರು ಜಾಗ ಉಳಿದರೆ ಹತ್ತಲು ಕಾಯುವ ಸಾಲು, ಬೀದಿಯುದ್ದಕ್ಕೂ ಬೆಳೆದಿರುತ್ತದೆ. ಎರಡೂ ಕಡೆಗೆ ಕಾಯ್ದಿರಿಸಿ.
- ಹಡಗು ಹೊರಡುವ ಹೊತ್ತಿಗೆ ಸರಿಯಾಗಿ ಹೋದರೆ ಕಾಯ್ದಿರಿಸಿದ ಜಾಗವೂ ಕೈತಪ್ಪುತ್ತದೆ. ಮುಕ್ಕಾಲು ಗಂಟೆ ಮೊದಲೇ ಟಿಕೆಟ್ ಕಟ್ಟೆ ದಾಟಿರಿ.
- ತಂದೆ ತಾಯಿಯ ವೀಸಾ ಬಗ್ಗೆ ಆತಂಕ ಬೇಡ. ಈ ಫೆರಿ ಅಮೆರಿಕದ ಗಡಿ ದಾಟುವುದಿಲ್ಲ. ಆದರೆ ನಿಮ್ಮ ಮೊಬೈಲ್ ದಾಟಿಬಿಡುತ್ತದೆ! ದ್ವೀಪದ ಪಶ್ಚಿಮ ಅಂಚಿನಲ್ಲಿ ಕೆನಡಾದ ಟವರ್ ಹಿಡಿದುಕೊಂಡು ರೋಮಿಂಗ್ ಬಿಲ್ ಏರುತ್ತದೆ. ಹಡಗು ಇಳಿಯುತ್ತಲೇ ರೋಮಿಂಗ್ ಆರಿಸಿಬಿಡಿ.

ಕೈಯಲ್ಲಿ ಹಣವಿದ್ದವರಿಗೆ ಸಿಯಾಟಲ್‌ನ ಲೇಕ್ ಯೂನಿಯನ್‌ನಿಂದ ನೀರಿನ ಮೇಲಿಳಿಯುವ ಕೆನ್‌ಮೋರ್ ಏರ್ ವಿಮಾನ ನೇರವಾಗಿ ರೋಶ್ ಹಾರ್ಬರ್‌ಗೇ ಇದೆ. ಸಾಮಾನಿನ ತೂಕಕ್ಕೆ ಮಿತಿ ಉಂಟು. ಮೂರು ಡಬ್ಬಿ ಪುಳಿಯೋಗರೆ ಒಯ್ಯುವವರು ಫೆರಿಯನ್ನೇ ನೆಚ್ಚಿಕೊಳ್ಳುವುದು ಮೇಲು.

ಹಂತ 2: ಗೈಡ್ ಜೊತೆಯೋ, ನೀವೇ ಸ್ವಂತವೋ?

'ರೋಶ್ ಹಾರ್ಬರ್ ಟೂರ್' ಎಂದು ಅಂತರ್ಜಾಲದಲ್ಲಿ ಹುಡುಕಿದರೆ ಮೂರು ಬೇರೆ ಬೇರೆ ಸಂಗತಿಗಳು ಒಂದೇ ಹೆಸರಿನಲ್ಲಿ ಬರುತ್ತವೆ. ಒಂದು, ತಿಮಿಂಗಿಲ ನೋಡಲು ಹೋಗುವ ದೋಣಿ ಅಥವಾ ಕಯಾಕ್ ವಿಹಾರ. ಇವು ಇಲ್ಲಿನ ಕಟ್ಟೆಯಿಂದ ಹೊರಡುತ್ತವೆಯೇ ಹೊರತು ಊರಿನ ಚರಿತ್ರೆಗೂ ಅವಕ್ಕೂ ಸಂಬಂಧವಿಲ್ಲ. ಎರಡು, ದ್ವೀಪವನ್ನೆಲ್ಲ ಸುತ್ತಿಸುವ ವಾಹನ ಪ್ರವಾಸ. ಇದರಲ್ಲಿ ರೋಶ್ ಹಾರ್ಬರ್‌ಗೆ ಸಿಗುವುದು ಅಲ್ಪ ಹೊತ್ತು, ಅದರಲ್ಲಿ ಅರ್ಧ ಊಟಕ್ಕೇ ಹೋಗುತ್ತದೆ. ಮೂರು, ನಿಜವಾದ ಚಾರಿತ್ರಿಕ ನಡಿಗೆ. ನಿಮಗೆ ಬೇಕಿರುವುದು ಇದು. ಇದು ಯಾವಾಗಲೂ ಇರುತ್ತದೆ ಎಂದು ನಂಬಿ ಹೋಗಬೇಡಿ. ಹೊರಡುವ ವಾರ ರೆಸಾರ್ಟಿಗೆ ಫೋನ್ ಮಾಡಿ, ಚರಿತ್ರೆ ಹೇಳುವ ನಡಿಗೆ ಆ ದಿನ ಇದೆಯೇ, ಗುಂಪಿನಲ್ಲಿ ಎಷ್ಟು ಜನ ಇರಬೇಕು ಎಂದು ಬಿಡಿಸಿ ಕೇಳಿ. ಹಣ ಕಟ್ಟುವ ಮುನ್ನ ಇನ್ನೊಂದು ಮಾತು ಕೇಳಿಬಿಡಿ: "ಮೆಕ್‌ಮಿಲಿನ್ ಕುಟುಂಬದ ಸಮಾಧಿ ಮಂಟಪದವರೆಗೂ ಕರೆದೊಯ್ಯುತ್ತೀರೋ, ಹೋಟೆಲಿನ ಸುತ್ತ ಮಾತ್ರವೋ?"

ಸ್ವಂತ ಸುತ್ತಾಟಕ್ಕೆ ಬೇಕಾದ ನಡಿಗೆ ನಕ್ಷೆಯನ್ನು ಹೋಟೆಲಿನಲ್ಲಿ ಕೇಳಿ ಪಡೆಯಿರಿ. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಇದೇ ಅನುಕೂಲ. ಕೂರಬೇಕೆನಿಸಿದಲ್ಲಿ ಕೂರಬಹುದು, ಬೇಡವಾದದ್ದನ್ನು ಬಿಡಬಹುದು. ಗೈಡಿನ ಲಾಭ ಬೇರೆಯದು: ಫಲಕದಲ್ಲಿ ಇಲ್ಲದ್ದನ್ನು ಅವರ ಬಾಯಿಂದ ಹೊರಡಿಸಬಹುದು. ಆದರೆ ಏನು ಕೇಳಬೇಕೆಂಬುದು ಒಮ್ಮೆ ಕಣ್ಣಾರೆ ನೋಡಿದ ಮೇಲೇ ಹೊಳೆಯುವುದು. ಮೊದಲು ಸ್ವಂತ ಸುತ್ತು ಎಂದದ್ದು ಅದಕ್ಕೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ. ಶನಿವಾರ ಬೇಡ. ಬೇಸಿಗೆಯ ವಾರಾಂತ್ಯಗಳಲ್ಲಿ ಇಲ್ಲಿ ಮದುವೆಗಳ ಸಾಲು, ಪ್ರಾರ್ಥನಾ ಮಂದಿರವೂ ತೋಟವೂ ಅತಿಥಿಗಳಿಗೇ ಮೀಸಲಾಗಿರುತ್ತವೆ.

ಹಂತ 3: ಮೊದಲು ಸುಣ್ಣದ ಗೂಡು

ಹೋಟೆಲ್ ಕೈಬೀಸಿ ಕರೆಯುತ್ತದೆ, ಹೋಗಬೇಡಿ. ಹತ್ತಿರದಲ್ಲೇ ಗುಡ್ಡಕ್ಕೆ ಒರಗಿ ನಿಂತಿರುವ ಸುಣ್ಣದ ಗೂಡುಗಳ ಬಳಿಗೆ ಮೊದಲು ನಡೆಯಿರಿ.

ಗೂಡು ಗುಡ್ಡಕ್ಕೆ ಏಕೆ ಒರಗಿದೆ ಎಂಬುದನ್ನು ಗಮನಿಸಿ. ಮೇಲಿನ ಕಲ್ಲುಗಣಿಯಿಂದ ಬಂದ ಕಲ್ಲನ್ನು ಗೂಡಿನ ಬಾಯಿಗೆ ಮೇಲಿನಿಂದಲೇ ಸುರಿಯುತ್ತಿದ್ದರು, ಎತ್ತುವ ಶ್ರಮವಿಲ್ಲ. ನಡುವೆ ಸೌದೆಯ ಬೆಂಕಿ. ಬೆಂದ ಸುಣ್ಣವನ್ನು ಕೆಳಗಿನ ಬಾಯಿಂದ ಎಳೆದುಕೊಳ್ಳುತ್ತಿದ್ದರು. ಅಲ್ಲಿಂದ ಕೆಲವೇ ಹೆಜ್ಜೆಗೆ ಸಮುದ್ರ, ಹಡಗು. ಇಡೀ ಊರಿನ ನಕ್ಷೆಯೇ ಈ ಇಳಿಜಾರಿಗೆ ತಕ್ಕಂತೆ ಬಿದ್ದಿದೆ: ಮೇಲೆ ಗಣಿ, ನಡುವೆ ಗೂಡು, ಕೆಳಗೆ ಕಟ್ಟೆ.

ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಶುದ್ಧ ಕಲ್ಲಾದರೆ 100 ಕಿಲೋಗೆ ಉಳಿಯುವುದು 56 ಕಿಲೋ ಸುಟ್ಟ ಸುಣ್ಣ. ಎಲೆ ಅಡಿಕೆಗೆ ಸುಣ್ಣ ಹಚ್ಚುವ ಅಜ್ಜಿ ಜೊತೆಗಿದ್ದರೆ ವಿವರಣೆಯನ್ನು ಅವರಿಗೇ ಬಿಡಿ. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಅದು ಹೇಗೆ ಕೊತಕೊತ ಕುದಿದು ಅರಳುತ್ತದೆ ಎಂಬುದು ಅವರಿಗೆ ಫಲಕಕ್ಕಿಂತ ಚೆನ್ನಾಗಿ ಗೊತ್ತಿರುತ್ತದೆ. ಈ ಗುಣವೇ ಇಲ್ಲಿನ ದೊಡ್ಡ ಅಪಾಯವೂ ಆಗಿತ್ತು. ಮರದ ಹಡಗಿನೊಳಗೆ ಸುಣ್ಣದ ಪೀಪಾಯಿಗೆ ನೀರು ತಗುಲಿದರೆ ಆ ಶಾಖಕ್ಕೆ ಹಡಗಿಗೇ ಬೆಂಕಿ ಹತ್ತಬಹುದು. ಹಾಗಾಗಿ ಪೀಪಾಯಿಗಳು ಗಟ್ಟಿಯಾಗಿರಬೇಕಿತ್ತು. ಕಂಪನಿ ತನ್ನ ಪೀಪಾಯಿಗಳನ್ನೂ ಇಲ್ಲೇ ಮಾಡಿಸುತ್ತಿತ್ತು. 1923ರಲ್ಲಿ ದಡದ ಸುಣ್ಣದ ಕಾರ್ಖಾನೆಯೇ ಬೆಂಕಿಗೆ ಆಹುತಿಯಾಗಿ, ಮತ್ತೆ ಕಟ್ಟಬೇಕಾಯಿತು.

ಎಚ್ಚರಿಕೆ: ಗೂಡಿನ ಇಟ್ಟಿಗೆಗಳು ಹಳೆಯವು, ಸಡಿಲವಾಗಿವೆ. ಮಕ್ಕಳನ್ನು ಹತ್ತಿಸಿ ಫೋಟೊ ತೆಗೆಯಬೇಡಿ. ಹಳೆಯ ಕಲ್ಲುಗಣಿಗಳ ಅಂಚು ಕಡಿದಾಗಿದೆ, ಗುರುತು ಹಾಕಿದ ಹಾದಿ ಬಿಟ್ಟು ಇಳಿಯಬೇಡಿ.

ಇನ್ನೊಂದು ಗೊಂದಲವೂ ಪ್ರತಿವರ್ಷ ಇದ್ದದ್ದೇ. ದ್ವೀಪದ ಪಶ್ಚಿಮ ದಡದಲ್ಲಿ 'ಲೈಮ್ ಕಿಲ್ನ್ ಪಾಯಿಂಟ್' ಎಂಬ ರಾಜ್ಯ ಉದ್ಯಾನವಿದೆ. ದೀಪಸ್ತಂಭ ಇರುವುದು, ದಡದಿಂದಲೇ ತಿಮಿಂಗಿಲ ಕಾಣುವುದು ಅಲ್ಲಿ. ಅಲ್ಲಿಯೂ ಹಳೆಯ ಸುಣ್ಣದ ಗೂಡುಂಟು. ಆದರೆ ಅದು ರೋಶ್ ಹಾರ್ಬರ್ ಅಲ್ಲ. ಕಾರು ನಿಲ್ಲಿಸಲು ಅಲ್ಲಿ 'ಡಿಸ್ಕವರ್ ಪಾಸ್' ಎಂಬ ರಾಜ್ಯ ಉದ್ಯಾನಗಳ ವಾಹನ ಪರವಾನಗಿ ಬೇಕು. ನಕ್ಷೆಯ ಆ್ಯಪ್‌ನಲ್ಲಿ ಬರೀ 'ಲೈಮ್ ಕಿಲ್ನ್' ಎಂದು ಹಾಕಿದರೆ ನೀವು ತಲುಪುವುದು ಆ ಉದ್ಯಾನಕ್ಕೇ.

ಹಂತ 4: ಹೋಟೆಲ್, ಅಂಗಡಿ, ಮಾಲೀಕನ ಮನೆ

ಹೋಟೆಲ್ ಡಿ ಹ್ಯಾರೋ ಕಟ್ಟಿದ್ದು 1886ರಲ್ಲಿ, ಕಂಪನಿಯ ಗಿರಾಕಿಗಳಿಗೆಂದು. ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಬ್ರಿಟಿಷರ ಹಡ್ಸನ್ಸ್ ಬೇ ಕಂಪನಿಯವರ ಹಳೆಯ ಮರದ ದಿಮ್ಮಿಯ ಮನೆಯೊಂದನ್ನು ಒಳಗಿಟ್ಟುಕೊಂಡೇ ಸುತ್ತ ಕಟ್ಟಿದರು ಎಂಬುದು ಇಲ್ಲಿ ಎಲ್ಲರೂ ಹೇಳುವ ಮಾತು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಇಲ್ಲಿ ತಂಗಿದ್ದರು ಎಂದು ಹೇಳಿಕೊಳ್ಳುವುದು ಈ ಹೋಟೆಲಿನ ದೊಡ್ಡ ಹೆಮ್ಮೆ. ಮರದ ಹಳೆಯ ಕಟ್ಟಡವಾದ್ದರಿಂದ ಆಗಾಗ ದುರಸ್ತಿ ಇದ್ದದ್ದೇ. ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಫೋನಿನಲ್ಲೇ ಕೇಳಿಕೊಂಡಿರಿ. ಮೇಲಿನ ಮಹಡಿಯಲ್ಲಿ ಅತಿಥಿಗಳಿರಬಹುದು, ಕೇಳದೆ ಹತ್ತಬೇಡಿ.

ಹೋಟೆಲಿಗಿಂತ ನನಗೆ ಇಷ್ಟವಾಗುವುದು ಅದರ ಮುಂದಿನ ನೆಲ. ಹಳದಿ ಬಣ್ಣದ ಇಟ್ಟಿಗೆ ಹಾಸಿದ್ದಾರೆ. ಅವು ಸುಣ್ಣದ ಗೂಡಿನ ಒಳಗೋಡೆಗೆ ಹಾಕುವ, ಬೆಂಕಿ ತಾಳುವ ಇಟ್ಟಿಗೆಗಳು. ಬಗ್ಗಿ ನೋಡಿದರೆ ಕೆಲವುಗಳ ಮೇಲೆ ತಯಾರಕರ ಹೆಸರಿನ ಅಚ್ಚು ಈಗಲೂ ಓದಲು ಸಿಗುತ್ತದೆ. ಮಕ್ಕಳಿಗೆ ಬೇಸರ ಬಂದಿದ್ದರೆ ಎಷ್ಟು ಬಗೆಯ ಹೆಸರು ಸಿಗುತ್ತವೆ ಎಂದು ಹುಡುಕಲು ಹಚ್ಚಿ. ಹತ್ತು ನಿಮಿಷ ನಿಮ್ಮ ಪಾಡಿಗೆ ನೀವಿರಬಹುದು.

ಕಟ್ಟೆಯ ಮೇಲೆ ಕಂಪನಿ ಅಂಗಡಿ ಇಂದಿಗೂ ದಿನಸಿ ಅಂಗಡಿಯಾಗಿ ನಡೆಯುತ್ತಿದೆ. ಈಗ ಕಾರ್ಡ್ ಉಜ್ಜಿ ಹಾಲು ಬ್ರೆಡ್ ಕೊಳ್ಳುತ್ತೀರಿ. ಆಗ ಕಾರ್ಮಿಕರಿಗೆ ಕೂಲಿಯಾಗಿ ಸಿಗುತ್ತಿದ್ದುದು ಸ್ಕ್ರಿಪ್. ಸ್ಕ್ರಿಪ್ ಎಂದರೆ ಕಂಪನಿಯೇ ಹೊರಡಿಸುವ ಚೀಟಿ ಹಣ, ಚಲಾವಣೆ ಕಂಪನಿಯ ಅಂಗಡಿಯಲ್ಲಿ ಮಾತ್ರ. ಕೊಟ್ಟ ಕೂಲಿ ಸುತ್ತಿ ಬಳಸಿ ಕೊಟ್ಟವನ ಗಲ್ಲಾಪೆಟ್ಟಿಗೆಗೇ ಮರಳುವ ಏರ್ಪಾಡು. ಅಂಗಡಿಯಲ್ಲಿ ಐದು ನಿಮಿಷ ನಿಂತಾಗ ಇದನ್ನು ನೆನೆದುಕೊಳ್ಳಿ.

ಮೆಕ್‌ಮಿಲಿನ್ ವಾಸವಿದ್ದ ಮನೆ ಈಗ ರೆಸ್ಟೋರೆಂಟ್. ಅದರ ಕಿಟಕಿಗಳು ಬಂದರಿನ ಕಡೆಗೇ ಇವೆ. ಸಸ್ಯಾಹಾರಿಗಳಿಗೆ ಇಲ್ಲಿ ಆಯ್ಕೆ ಕಡಿಮೆ, ಬೆಲೆಯೂ ಜಾಸ್ತಿ. ಚಪಾತಿ ಪಲ್ಯ ಕಟ್ಟಿಕೊಂಡು ಹೋಗಿ, ತಿಂಡಿಗೆ ಕಟ್ಟೆಯ ಕೆಫೆಯ ಬಿಸಿ ಡೋನಟ್ ಸಾಕು. ಮೊಟ್ಟೆ ತಿನ್ನದವರು ಕೇಳಿ ಕೊಳ್ಳಿ.

ಹಂತ 5: ಕೂಲಿಗಳ ಊರು

ನಕ್ಷೆಯಲ್ಲಿ ಇದಕ್ಕೆ ಜಾಗ ಕಡಿಮೆ. ನೀವು ಹೆಚ್ಚು ಹೊತ್ತು ಕೊಡಿ. ಹೋಟೆಲಿನ ಮೇಲ್ಭಾಗದ ಇಳಿಜಾರಿನಲ್ಲಿ ಸಾಲಾಗಿ ನಿಂತಿರುವ ಚಿಕ್ಕ ಮನೆಗಳು ಸಂಸಾರಸ್ಥ ಕಾರ್ಮಿಕರಿಗೆ ಕೊಟ್ಟವು. ಈಗ ಅವು ಬಾಡಿಗೆ ಕಾಟೇಜುಗಳು. ಒಂಟಿ ಗಂಡಸರಿಗೆ ಬೇರೆ ಸಾಮೂಹಿಕ ವಸತಿ. ಜಪಾನಿನಿಂದ ಬಂದ ಕೆಲಸಗಾರರ ವಸತಿ ಇನ್ನೂ ಬೇರೆ. ಅದರ ಗುರುತು ಇಂದು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಗೈಡ್ ಸಿಕ್ಕರೆ ಕೇಳಲೇಬೇಕಾದ ಪ್ರಶ್ನೆಗಳು ಇವು: ಜಪಾನೀ ಕುಟುಂಬಗಳು ಎಲ್ಲಿದ್ದವು, ಏನು ಕೆಲಸ ಮಾಡುತ್ತಿದ್ದವು? ಕೆಲಸ ಬಿಟ್ಟವನು ಮನೆಯನ್ನೂ ಬಿಡಬೇಕಿತ್ತೇ? ಚುನಾವಣೆಯಲ್ಲಿ ಕೂಲಿಗಳ ಮತ ಯಾರಿಗೆ ಬೀಳುತ್ತಿತ್ತು? ಮೆಕ್‌ಮಿಲಿನ್ ರಿಪಬ್ಲಿಕನ್ ಪಕ್ಷದಲ್ಲಿ ಪ್ರಭಾವಿಯಾಗಿದ್ದವನು ಎಂಬುದು ನೆನಪಿರಲಿ. ಗೈಡ್ ಎಂಥವರು ಎನ್ನುವುದೂ ಈ ಪ್ರಶ್ನೆಗಳಲ್ಲೇ ಗೊತ್ತಾಗಿಬಿಡುತ್ತದೆ. ಕೆಲವರು ಖುಷಿಯಿಂದ ಅರ್ಧ ಗಂಟೆ ಮಾತಾಡುತ್ತಾರೆ, ಕೆಲವರು ಗುಲಾಬಿ ತೋಟದ ಕಡೆಗೆ ತಿರುಗುತ್ತಾರೆ.

ಬಿಳಿ ಬಣ್ಣದ ಚಿಕ್ಕ ಪ್ರಾರ್ಥನಾ ಮಂದಿರ 1892ರದು. ಮೊದಲು ಮೆಥಡಿಸ್ಟ್ ಎಂಬ ಪ್ರೊಟೆಸ್ಟಂಟ್ ಪಂಥದವರದು, ವಾರದ ದಿನಗಳಲ್ಲಿ ಮಕ್ಕಳ ಶಾಲೆ. ಟಾರ್ಟ್ ಕುಟುಂಬ ಬಂದ ಮೇಲೆ ಅದು ಕ್ಯಾಥೊಲಿಕ್ ಆಯಿತು. ಕಂಪನಿ ಊರಿನಲ್ಲಿ ಮಾಲೀಕ ಬದಲಾದರೆ ದೇವರ ಮನೆಯ ಪಂಥವೂ ಬದಲಾಗುತ್ತದೆ.

ಮೋಸ ಹೋಗಬಾರದ ಸಂಗತಿ ಒಂದಿದೆ. ಇಲ್ಲಿ ಹಳೆಯದರಂತೆ ಕಾಣುವುದೆಲ್ಲ ಹಳೆಯದಲ್ಲ. ಕಳೆದ ಕೆಲವು ದಶಕಗಳಲ್ಲಿ ಹಳೆಯ ಶೈಲಿಯನ್ನೇ ಅನುಸರಿಸಿ ಬಹಳಷ್ಟು ಹೊಸ ಮನೆಗಳನ್ನು ಕಟ್ಟಿದ್ದಾರೆ. ಕಲ್ಲು ಒಡೆಯುವವರ ಹೆಸರು ಹೊತ್ತ 'ಕ್ವಾರಿಮನ್ ಹಾಲ್' ಕೂಡ ಹೊಸ ಕಟ್ಟಡವೇ, ಒಳಗಿರುವುದು ಐಷಾರಾಮಿ ಕೋಣೆಗಳು. ಹೊಸ ಮನೆಗಳಲ್ಲಿ ಜನ ವಾಸವಿದ್ದಾರೆ. ಅಂಗಳಕ್ಕೆ ನುಗ್ಗಿ ಫೋಟೊ ತೆಗೆಯಬೇಡಿ.

ಹಂತ 6: ಸಮಾಧಿ ಮಂಟಪ

ಊರಿನಾಚೆ, ಕಾಡಿನ ಹಾದಿಯಲ್ಲಿ ಹಳೆಯ ಸ್ಮಶಾನ ದಾಟಿ ಹೋದರೆ 'ಆಫ್ಟರ್‌ಗ್ಲೋ ವಿಸ್ಟಾ' ಸಿಗುತ್ತದೆ. ಇದು ಮೆಕ್‌ಮಿಲಿನ್ ಕುಟುಂಬದ ಸಮಾಧಿ ಮಂಟಪ, ಅವನೇ ಯೋಜಿಸಿದ್ದು. ಮೇಲೆ ಚಾವಣಿಯಿಲ್ಲ. ವೃತ್ತಾಕಾರದಲ್ಲಿ ಕಂಬಗಳು, ನಡುವೆ ಸುಣ್ಣದ ಕಲ್ಲಿನ ದುಂಡು ಮೇಜು, ಸುತ್ತ ಕಲ್ಲಿನ ಕುರ್ಚಿಗಳು. ಮನೆಮಂದಿಯೆಲ್ಲ ಊಟಕ್ಕೆ ಕುಳಿತಂತೆ. ಆ ಕುರ್ಚಿಗಳಲ್ಲೇ ಅವರವರ ಚಿತಾಭಸ್ಮ ಇಟ್ಟಿದ್ದಾರೆ.

ಹಿರಿಯರನ್ನು ಕರೆದೊಯ್ಯುವವರು ಈ ವಿಷಯವನ್ನು ಮೊದಲೇ ಹೇಳಿಬಿಡಿ. ಸಮಾಧಿಯ ಜಾಗಕ್ಕೆ ಹೋಗಿ ಬಂದರೆ ಸ್ನಾನ ಮಾಡಬೇಕು ಎನ್ನುವವರಿರುತ್ತಾರೆ, ಅವರನ್ನು ಬಂದರಿನ ಬೆಂಚಿನಲ್ಲೇ ಕೂರಿಸಿ. ಇನ್ನು ಹೋದವರು ಯಾರೂ ಆ ಕುರ್ಚಿಗಳ ಮೇಲೆ ಕೂರಬಾರದು. ಕಾಲು ನೋವೆಂದು ಕೂತುಬಿಡುವುದು ಇಲ್ಲಿ ತೀರಾ ಸಾಮಾನ್ಯ.

ಮೆಕ್‌ಮಿಲಿನ್ ಮೇಸನ್ ಸಂಘದವನು. ಮೇಸನ್ನರು ಎಂದರೆ ಕಲ್ಲುಕುಟಿಗರ ಉಪಕರಣಗಳನ್ನು ಸಂಕೇತವಾಗಿ ಬಳಸುವ ಒಂದು ಭ್ರಾತೃ ಸಂಘ. ಹಾಗಾಗಿ ಇಲ್ಲಿನ ಪ್ರತಿಯೊಂದಕ್ಕೂ ಅರ್ಥ ಕಟ್ಟಿದ್ದಾರೆ. ಮೆಟ್ಟಿಲುಗಳನ್ನು ಎಣಿಸಿ: ಮೂರು, ಐದು, ಏಳರ ಗುಂಪುಗಳು. ಮೂರು ಎಂದರೆ ಬಾಳಿನ ಮೂರು ಘಟ್ಟ, ಐದು ಎಂದರೆ ಪಂಚೇಂದ್ರಿಯಗಳು, ಏಳು ಎಂದರೆ ಏಳು ವಿದ್ಯೆಗಳು. ಒಂದು ಕಂಬ ತುಂಡಾಗಿದೆ. ಭೂಕಂಪಕ್ಕೋ ಸಿಡಿಲಿಗೋ ಮುರಿದದ್ದಲ್ಲ, ಕಟ್ಟುವಾಗಲೇ ಹಾಗೆ ಕಟ್ಟಿದ್ದು. ಕೆಲಸ ಮುಗಿಯುವ ಮೊದಲೇ ಮನುಷ್ಯ ಹೋಗಿಬಿಡುತ್ತಾನೆ ಎಂಬ ಸೂಚನೆಯಂತೆ. ಮೇಲೆ ಕಂಚಿನ ಗುಮ್ಮಟ ಬರಬೇಕಿತ್ತು, ಕೊನೆಗೆ ಕಟ್ಟಲಿಲ್ಲ. ರಾತ್ರಿ ದೆವ್ವ ಬಂದು ಕೂರುತ್ತದೆ ಎಂಬ ಕಥೆಗಳೂ ಉಂಟು. ಮಕ್ಕಳಿಗೆ ಹೇಳಲು ಪರವಾಗಿಲ್ಲ.

ಹಾದಿಯಲ್ಲಿ ಬೇರು, ಜಲ್ಲಿ, ಏರಿಳಿತ ಇದೆ. ಚಪ್ಪಲಿ ಬೇಡ, ಶೂ ಇರಲಿ. ಗಾಲಿಕುರ್ಚಿ ಮಂಟಪದವರೆಗೆ ಹೋಗುವುದಿಲ್ಲ.

ಹಂತ 7: ಸಮಯ ಉಳಿದರೆ

ಬರುವ ದಾರಿಯಲ್ಲೇ 20 ಎಕರೆಯ ಶಿಲ್ಪವನವಿದೆ, ಮಕ್ಕಳಿಗೆ ಓಡಾಡಲು ಹೇಳಿ ಮಾಡಿಸಿದ ಜಾಗ. ಚರಿತ್ರೆಯ ರುಚಿ ಹತ್ತಿದವರು ಅದಕ್ಕಿಂತ ಹತ್ತಿರದ ಇಂಗ್ಲಿಷ್ ಕ್ಯಾಂಪಿಗೆ ಹೋಗಲಿ. 1859ರಲ್ಲಿ ಒಬ್ಬ ಅಮೆರಿಕನ್ ರೈತ ತನ್ನ ಆಲೂಗಡ್ಡೆ ತೋಟಕ್ಕೆ ನುಗ್ಗಿದ ಹಡ್ಸನ್ಸ್ ಬೇ ಕಂಪನಿಯ ಹಂದಿಗೆ ಗುಂಡು ಹೊಡೆದ. ದ್ವೀಪ ಯಾರದು ಎಂದು ಆಗಲೇ ತಕರಾರಿದ್ದ ಅಮೆರಿಕ, ಬ್ರಿಟನ್ ಎರಡೂ ಅಷ್ಟಕ್ಕೇ ಸೇನೆ ತಂದು ನಿಲ್ಲಿಸಿದವು. 1872ರಲ್ಲಿ ಜರ್ಮನಿಯ ಚಕ್ರವರ್ತಿ ಪಂಚಾಯಿತಿ ಮಾಡಿ ದ್ವೀಪವನ್ನು ಅಮೆರಿಕಕ್ಕೆ ಕೊಡಿಸುವವರೆಗೂ ಬ್ರಿಟಿಷ್ ಸೈನಿಕರು ಈ ಕ್ಯಾಂಪಿನಲ್ಲಿದ್ದರು. ಸತ್ತದ್ದು ಹಂದಿ ಮಾತ್ರ. ಇದು ರಾಷ್ಟ್ರೀಯ ಉದ್ಯಾನ ವ್ಯವಸ್ಥೆಗೆ ಸೇರಿದ್ದು, ಪ್ರವೇಶ ಶುಲ್ಕವಿಲ್ಲ.

ರೋಶ್ ಹಾರ್ಬರ್‌ನಲ್ಲಿ ಬೇಸಿಗೆಯ ಸಂಜೆಗಳಲ್ಲಿ ಸೂರ್ಯಾಸ್ತಕ್ಕೆ ಧ್ವಜ ಇಳಿಸುವ ಸಮಾರಂಭ ನಡೆಯುತ್ತದೆ. ವಾದ್ಯಸಂಗೀತ ಹಾಕಿ, ಒಂದೊಂದಾಗಿ ಬಾವುಟ ಇಳಿಸಿ, ಕೊನೆಗೆ ತೋಪು ಹಾರಿಸುತ್ತಾರೆ. ಮಗು ಮಲಗಿದ್ದರೆ ಬಂದರಿನಿಂದ ದೂರ ಹೋಗಿರಿ. ನೋಡಲು ಚೆನ್ನಾಗಿದೆ, ಆದರೆ ಜೂನ್ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದೇ ರಾತ್ರಿ 9 ದಾಟಿದ ಮೇಲೆ. ತೋಪಿನ ಸದ್ದು ಕೇಳುವವರೆಗೂ ಕಾದರೆ ಕೊನೆಯ ಫೆರಿ ತಪ್ಪಿಹೋಗಬಹುದು, ದ್ವೀಪದಲ್ಲಿ ಆ ಹೊತ್ತಿನಲ್ಲಿ ಕೋಣೆ ಸಿಗುವುದಿಲ್ಲ. ಸಮಾರಂಭ ಬೇಕೆಂದರೆ ಒಂದು ರಾತ್ರಿ ತಂಗುವ ಏರ್ಪಾಡು ಮಾಡಿಕೊಂಡೇ ಬನ್ನಿ. ಒಂದೇ ದಿನದ ಪ್ರವಾಸವಾದರೆ ಫೆರಿಗೆ ಒಂದೂವರೆ ಗಂಟೆ ಇರುವಾಗ ಗಾಡಿ ಹತ್ತಿರಿ. ಮುಸ್ಸಂಜೆಯಲ್ಲಿ ಆ 16 ಕಿಲೋಮೀಟರ್ ಉದ್ದಕ್ಕೂ ಜಿಂಕೆಗಳು ರಸ್ತೆಗೆ ಅಡ್ಡ ಬರುತ್ತವೆ, ವೇಗವಾಗಿ ಓಡಿಸುವ ಹಾಗಿಲ್ಲ.